ಮೂರು ದೋಣಿ ಮನೆಗಳು, ಮತ್ತೆ ಅವ್ವ ಮೆಚ್ಚಿದ ನಾಲ್ಕನೆಯದು

ದಾವಣಗೆರೆಯಲ್ಲಿ ಹುಟ್ಟಿದವನಿಗೆ ದೋಣಿ ಹುಚ್ಚು ಹೇಗೆ ಹಿಡಿಯಿತು ಅಂತ ಕೇಳಬೇಡಿ. ನಮಗೆ ಗೊತ್ತಿರೋ ನೀರು ಅಂದ್ರೆ ಭದ್ರಾ ನಾಲೆ, ಹರಿಹರದ ಹೊಳೆ, ನೆಂಟರು ಬಂದಾಗ ತೋರಿಸೋಕೆ ಸೂಳೆಕೆರೆ. ಅಷ್ಟೇ. ಆದರೂ ಮನೆಯನ್ನೇ ನೀರಿನ ಮೇಲೆ ಇಟ್ಟುಕೊಂಡು, ಬೇಜಾರಾದ ದಿನ ಹಗ್ಗ ಬಿಚ್ಚಿ ಮುಂದಿನ ಊರಿಗೆ ಹೊರಡಬೇಕು ಅನ್ನೋ ಆಸೆ ಬಹಳ ವರ್ಷದ್ದು. ಅದಕ್ಕಾಗಿ ಮೂರು ಕಡೆ ದುಡ್ಡು ಸುರಿದಿದ್ದೇನೆ. ಈಗ ನಮ್ಮ ಓಣಿಯಲ್ಲೇ ಇಬ್ಬರು ಯಾವುದಕ್ಕೆ ಹೋಗೋದು ಅಂತ ಕೇಳ್ತಿದ್ದಾರೆ.

ಮೊದಲು ಶ್ರೀನಗರದ ದಾಲ್ ಸರೋವರದ್ದು ಮುಗಿಸಿಬಿಡ್ತೀನಿ. ದೇವದಾರು ಮರದ ಕೆತ್ತನೆ, ರತ್ನಗಂಬಳಿ, ಬೆಳಗ್ಗೆ ಶಿಕಾರ ಅನ್ನೋ ಸಣ್ಣ ದೋಣಿಯಲ್ಲಿ ಬರೋ ಹೂವು ತರಕಾರಿ, ಎಲ್ಲಾ ಚೆಂದ. ಆದರೆ ದೋಣಿ ಅಲ್ಲಾಡೋದಿಲ್ಲ. ಕಟ್ಟಿದ್ದು ಕಟ್ಟಿದ ಹಾಗೇ. ಹಿಂದೆ ಬ್ರಿಟಿಷರಿಗೆ ಕಾಶ್ಮೀರದಲ್ಲಿ ಜಮೀನು ಕೊಳ್ಳೋಕೆ ಅವಕಾಶ ಇರಲಿಲ್ಲ, ಅದಕ್ಕೇ ನೀರಿನ ಮೇಲೆ ಮನೆ ಮಾಡಿಕೊಂಡರು ಅಂತಾರೆ. ಅಂದ್ರೆ ಅದು ಮನೆಯೇ, ದೋಣಿ ಹೆಸರಿಗೆ ಮಾತ್ರ. ದಡಕ್ಕೆ ಹೋಗಿ ಒಂದು ಟೀ ಕುಡಿಯೋಕೂ ಶಿಕಾರದವನನ್ನು ಕೂಗಬೇಕು. ವಿಶ್ರಾಂತಿಗೆ ಹೋಗಿ, ತಿರುಗಾಟದ ಆಸೆಗೆ ಬೇಡ.

ನಿಜವಾದ ಪೈಪೋಟಿ ಇರೋದು ಕೇರಳದ ಆಲಪ್ಪುಳಕ್ಕೂ ಇಂಗ್ಲೆಂಡಿನ ನಾಲೆಗಳಲ್ಲಿ ಓಡೋ ಸಪೂರ ದೋಣಿ ಮನೆ ನ್ಯಾರೋಬೋಟ್‌ಗೂ.

ಆಲಪ್ಪುಳಕ್ಕೆ ಅವ್ವನನ್ನೂ ಕರ್ಕೊಂಡು ಹೋಗಿದ್ದೆ. ಅಲ್ಲಿ ಈ ದೋಣಿಗೆ ಕೆಟ್ಟುವಳ್ಳಂ ಅಂತಾರೆ, ಕಟ್ಟಿದ ದೋಣಿ ಅಂತ ಅರ್ಥ. ಹೆಬ್ಬಲಸಿನ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಮಾಡೋದು. ಮೊದಲು ಅಕ್ಕಿ ಸಾಗಿಸ್ತಿದ್ದವು, ಈಗ ನಮ್ಮಂಥವರನ್ನು. ಕುಟ್ಟನಾಡಿನ ಗದ್ದೆಗಳು ಸಮುದ್ರಮಟ್ಟಕ್ಕಿಂತ ಕೆಳಗಿವೆ, ಹಾಗಾಗಿ ದೋಣಿಯಲ್ಲಿ ಕೂತರೆ ಬದುವಿನ ಆಚೆ ಭತ್ತ ನಮ್ಮ ಕಾಲಿಗಿಂತ ತಗ್ಗಿನಲ್ಲಿ ಕಾಣುತ್ತೆ. ನಮ್ಮ ಕಡೆ ನಾಲೆ ಕೆಳಗಿನ ಗದ್ದೆ ನೋಡಿ ಬೆಳೆದ ನನಗೂ ಇದು ಬೆರಗೇ.

ಆದರೆ ಲೆಕ್ಕ ಹಾಕಿ. ಮಧ್ಯಾಹ್ನ 12ಕ್ಕೆ ಹತ್ತೋದು, ಮರುದಿನ ಬೆಳಗ್ಗೆ 9ಕ್ಕೆ ಇಳಿಯೋದು. ಸಂಜೆ ಐದೂವರೆ ಸುಮಾರಿಗೆ ಎಲ್ಲಾ ದೋಣಿಗಳೂ ದಡ ಸೇರಬೇಕು, ಯಾಕಂದ್ರೆ ರಾತ್ರಿ ಮೀನುಗಾರರು ಬಲೆ ಹಾಕ್ತಾರೆ. ಅದು ನ್ಯಾಯವೇ. ಊಟಕ್ಕೆ ನಿಲ್ಲಿಸಿದ್ದನ್ನು ಕಳೆದರೆ ನಿಜವಾಗಿ ಓಡಿದ್ದು ನಾಲ್ಕೋ ನಾಲ್ಕೂವರೆಯೋ ಗಂಟೆ. ಎಸಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮಾತ್ರ, ಇದನ್ನು ಬುಕ್ ಮಾಡೋವಾಗ ನಮಗೆ ಯಾರೂ ಹೇಳಿರಲಿಲ್ಲ. ನೀವು ಕೇಳಿಕೊಳ್ಳಿ. ಅಡುಗೆಯವರು ಕರಿಮೀನು ಹುರಿದುಕೊಡೋ ಹುರುಪಿನಲ್ಲಿದ್ದರು, ಅವ್ವ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಹೊರಗಿಟ್ಟಳು. ಪಾಪ, ಅವರ ಮುಖ ನೋಡೋಕಾಗಲಿಲ್ಲ.

ಸಂಜೆ ಹಗ್ಗ ಕಟ್ಟಿದ ಮೇಲೆ ಅವ್ವ ಕೇಳಿದ್ದು: "ಅಲ್ಲೋ ತಮ್ಮಾ, ಇಷ್ಟು ರೊಕ್ಕ ಕೊಟ್ಟು ಇನ್ನೊಬ್ಬರ ತೋಟದ ಬದಿಗೆ ಮಲಗಾಕ ಬಂದ್ವೇನು?"

ಈಗ ನ್ಯಾರೋಬೋಟ್. ಕಂಪನಿ ಕೆಲಸಕ್ಕೆ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಗ ನಾವು ನಾಲ್ಕು ಜನ ಸೇರಿ ಒಂದು ವಾರಕ್ಕೆ ಬಾಡಿಗೆ ಹಿಡಿದೆವು, ನಾಲೆಯಲ್ಲೇ ವೂಸ್ಟರ್‌ವರೆಗೆ ಹೋಗಿ ವಾಪಸ್. ಲೈಸೆನ್ಸ್ ಏನೂ ಕೇಳಲಿಲ್ಲ! ಅರ್ಧ ಗಂಟೆ ತೋರಿಸಿಕೊಟ್ಟು ಕೀಲಿ ಕೈಗಿಟ್ಟರು. 57 ಅಡಿ ಉದ್ದ, ಅಂದ್ರೆ ನಮ್ಮ ಸರ್ಕಾರಿ ಬಸ್ಸಿನ ಒಂದೂವರೆಯಷ್ಟು, ಅಗಲ ಮಾತ್ರ 7 ಅಡಿಗೂ ಕಡಿಮೆ. ಚುಕ್ಕಾಣಿ ಹಿಂದೆ ಇರುತ್ತೆ, ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ಹೋಗುತ್ತೆ. ಮೊದಲ ದಿನ ಎರಡು ಸೇತುವೆಗೆ ಡಿಕ್ಕಿ ಹೊಡೆದೆ. ವೇಗದ ಮಿತಿ ಗಂಟೆಗೆ 4 ಮೈಲಿ, ದಡದ ದಾರಿಯಲ್ಲಿ ನಾಯಿ ಹಿಡ್ಕೊಂಡು ಹೋಗೋ ಅಜ್ಜಿಯೂ ನಮ್ಮನ್ನು ಹಿಂದೆ ಹಾಕಿದರು.

ಆ ನಾಲೆಯಲ್ಲಿ ಟಾರ್ಡ್‌ಬಿಗ್ ಅಂತ ಒಂದು ಜಾಗ ಇದೆ. ಅಲ್ಲಿ ಸಾಲಾಗಿ 30 ಲಾಕ್. ಲಾಕ್ ಅಂದ್ರೆ ಗಾಬರಿ ಬೇಡ, ನಮ್ಮ ಕೆರೆ ತೂಬಿನ ತತ್ವವೇ. ದೋಣಿ ಹಿಡಿಯೋಷ್ಟು ಒಂದು ತೊಟ್ಟಿ, ಎರಡೂ ಕಡೆ ಬಾಗಿಲು. ಒಳಗೆ ಹೋಗಿ ಹಿಂದಿನ ಬಾಗಿಲು ಮುಚ್ಚಿ, ಹಿಡಿಕೆ ತಿರುಗಿಸಿ ಮುಂದಿನ ತೂಬು ಎತ್ತಿದರೆ ನೀರು ಇಳಿಯುತ್ತೆ, ಜೊತೆಗೆ ದೋಣಿಯೂ. ಆಮೇಲೆ ಮುಂದಿನ ಬಾಗಿಲು ತೆಗೆದು ಹೊರಗೆ. ಇಳಿಯೋವಾಗ ದೋಣಿಯ ಹಿಂಭಾಗ ಮೇಲಿನ ಬಾಗಿಲ ಬುಡದ ಕಟ್ಟೆಗೆ ಸಿಕ್ಕಿಕೊಂಡರೆ ಮೂತಿ ಕೆಳಗಾಗಿ ದೋಣಿ ಮುಳುಗಬಹುದು, ಹಾಗಾಗಿ ಒಬ್ಬರು ಕಣ್ಣು ಮಿಟುಕಿಸದೆ ನೋಡ್ತಿರಬೇಕು. 30 ಮುಗಿಸೋ ಹೊತ್ತಿಗೆ ಎರಡೂ ಅಂಗೈ ಬೊಬ್ಬೆ. ವಾಪಸ್ ಬರುವಾಗ ಅವೇ 30 ಹತ್ತಬೇಕು, ಸುಮಾರು 220 ಅಡಿ. ಆದರೂ ಹೇಳ್ತೀನಿ, ಅಷ್ಟು ಖುಷಿಯಾಗಿ ನಾನು ಯಾವತ್ತೂ ಸುಸ್ತಾಗಿರಲಿಲ್ಲ.

ಸಂಜೆ ಎಲ್ಲಿ ಮನಸ್ಸು ಬಂತೋ ಅಲ್ಲಿ ಗೂಟ ಬಡಿದು ಕಟ್ಟಿದೆವು. ದುಡ್ಡು ಕೇಳೋರಿಲ್ಲ. ಬಾಡಿಗೆ ದೋಣಿ ಕತ್ತಲಲ್ಲಿ ಓಡಿಸಬಾರದು ಅನ್ನೋದು ಅಲ್ಲೂ ಇದೆ, ಆದರೆ ನಿಲ್ಲೋ ಜಾಗ ನಮ್ಮದೇ ಆಯ್ಕೆ. ಅದೇ ದೊಡ್ಡ ವ್ಯತ್ಯಾಸ.

ಹೊಗಳಿದ್ದು ಸಾಕು. ಕಕ್ಕಸಿನ ಪೆಟ್ಟಿಗೆ ತುಂಬಿದಾಗ ಯಾರು ಹೊರಬೇಕು? ನಾವೇ. ಅದಕ್ಕೆ ಅಂತಲೇ ದಾರಿಯಲ್ಲಿ ಜಾಗ ಇರುತ್ತೆ, ಅಲ್ಲಿವರೆಗೆ ಹೊತ್ತು ಸುರಿದು ತೊಳೆದು ತರಬೇಕು. ನಾಲ್ಕು ಜನ ಎಂಜಿನಿಯರುಗಳು ಚೀಟಿ ಎತ್ತಿದೆವು, ಎರಡು ಸಲ ನನ್ನದೇ ಬಂತು. ಆಲಪ್ಪುಳದಲ್ಲಿ ಇದ್ಯಾವುದೂ ನಮಗೆ ಗೊತ್ತೇ ಆಗಲ್ಲ, ಅದಕ್ಕೇ ಅಲ್ಲಿ ಚುಕ್ಕಾಣಿಯೂ ನಮ್ಮ ಕೈಗೆ ಬರಲ್ಲ. ನ್ಯಾರೋಬೋಟಿನಲ್ಲಿ ನೀರಿನ ಟ್ಯಾಂಕ್ ತುಂಬಿಸೋದೂ ನಮ್ಮದೇ ಕೆಲಸ. ಜೊತೆಯವರು ಎರಡನೇ ದಿನವೇ ಸ್ನಾನದಲ್ಲಿ ಖಾಲಿ ಮಾಡಿದರು. ನಾನೊಬ್ಬನೇ ಬಕೆಟ್ ಲೆಕ್ಕದಲ್ಲಿ ಇದ್ದದ್ದು. ನಲ್ಲಿ ಬರೋ ದಿನ ಕೊಡ ಸಾಲಿಟ್ಟು ಕಾದವರಿಗೆ ಈ ಬುದ್ಧಿ ಹೇಳಿಕೊಡಬೇಕಾಗಿಲ್ಲ ಅಲ್ವಾ.

ವರ್ಷಪೂರ್ತಿ ದೋಣಿಯಲ್ಲೇ ಇರೋ ಒಬ್ಬ ಹಿರಿಯರು ಲಾಕ್ ಹತ್ತಿರ ಸಿಕ್ಕರು. ಸ್ವಂತ ತಂಗುದಾಣ ಇಲ್ಲದವರು 14 ದಿನಕ್ಕಿಂತ ಜಾಸ್ತಿ ಒಂದೇ ಕಡೆ ನಿಲ್ಲೋ ಹಾಗಿಲ್ಲ, ಜ್ವರವೋ ಹಿಮವೋ ಅಂತ ತಕ್ಕ ಕಾರಣ ಇದ್ದರೆ ಮಾತ್ರ ಇನ್ನಷ್ಟು ದಿನ, ಇಲ್ಲದಿದ್ದರೆ ಮುಂದೆ ಹೋಗ್ತಾ ಇರಬೇಕು. ಕಾಗದ ಪತ್ರಕ್ಕೆ ಮಗಳ ಮನೆ ವಿಳಾಸ ಕೊಟ್ಟಿದ್ದಾರಂತೆ. ನನ್ನ ಹತ್ತು ವರ್ಷದ ಆಸೆ ಸ್ವಲ್ಪ ಕುಗ್ಗಿದ್ದು ಅಲ್ಲೇ. ಹೊರಡೋದು ಖುಷಿ, ಹೊರಡಲೇಬೇಕು ಅಂದ್ರೆ ಅದು ಬೇರೆ.

ಕೈಯಲ್ಲಿ ಕಸುವಿದ್ದು ನಾಲ್ಕು ಜನ ಗೆಳೆಯರಿದ್ದರೆ ನ್ಯಾರೋಬೋಟ್, ಎರಡನೇ ಮಾತಿಲ್ಲ. ಮನೆಮಂದಿಯ ಜೊತೆ, ಬಜೆಟ್ ನಮ್ಮ ಕಡೆಯದಾದರೆ? ಆಲಪ್ಪುಳಕ್ಕೇ ಹೋಗಿ, ಆದರೆ ಹೌಸ್‌ಬೋಟ್ ಬಿಡಿ. ಮರುದಿನ ನಾವು ಕೇರಳ ಜಲಸಾರಿಗೆ ಇಲಾಖೆಯ ಬೋಟಿನಲ್ಲಿ ಕೊಟ್ಟಾಯಂ ಕಡೆ ಹೊರಟೆವು. ಎರಡೂವರೆ ಗಂಟೆ ದಾರಿ, ಟಿಕೆಟ್ 50 ರೂಪಾಯಿಯ ಒಳಗೆ. ಶಾಲೆ ಮಕ್ಕಳು, ಅಕ್ಕಿ ಚೀಲ, ಒಂದು ಸೈಕಲ್ಲು. ಅವ್ವ ಪಕ್ಕದ ಹೆಂಗಸಿನ ಜೊತೆ ಕನ್ನಡದಲ್ಲೇ ಮಾತಾಡಿದಳು, ಅವರು ಮಲಯಾಳಂನಲ್ಲೇ ಉತ್ತರ ಕೊಟ್ಟರು, ಇಬ್ಬರಿಗೂ ಏನೂ ಕೊರತೆ ಆದ ಹಾಗೆ ಕಾಣಲಿಲ್ಲ. ಆ ಹೆಂಗಸು ಒಂದು ಸಣ್ಣ ಕಟ್ಟೆಯಲ್ಲಿ ಇಳಿದರು. ಅವ್ವನೂ ಚೀಲ ಎತ್ತಿಕೊಂಡು ಎದ್ದಳು. "ಇಲ್ಲಿ ಚಂದೈತಿ, ಇಳಿಯೋಣ ಬಾ" ಅಂದಳು.

ಇಳಿದೆವು. ಮುಂದಿನ ಬೋಟ್‌ಗೆ ಎರಡು ಗಂಟೆ ಇತ್ತು. ಉಳಿದಿದ್ದ ಖಾರ ಮಂಡಕ್ಕಿ ತಿನ್ನುತ್ತಾ ಕಟ್ಟೆ ಮೇಲೆ ಕಾಲು ಇಳಿಬಿಟ್ಟು ಕೂತೆವು.