ಸೋಫೋರೋಲಿಪಿಡ್ ಪಾತ್ರೆ ಲಿಕ್ವಿಡ್: ನೊರೆ ನೋಡಿ ಅಳೆಯಬೇಡಿ

ಬೆಂಗಳೂರಿನ ಸಾವಯವ ಅಂಗಡಿಗಳಲ್ಲಿ 'ಬಯೋ' ಹೆಸರಿನಲ್ಲಿ ಮೂರು ಬಗೆಯ ಸರಕು ಸಿಗುತ್ತದೆ. ಅಂಟುವಾಳದ ದ್ರವದಲ್ಲಿರುವುದು ಸಪೋನಿನ್, ಅಂದರೆ ಗಿಡದ ನೊರೆ ಪದಾರ್ಥ. ಬೆಲ್ಲ, ನಿಂಬೆ-ಕಿತ್ತಳೆ ಸಿಪ್ಪೆ, ನೀರನ್ನು 1:3:10 ಲೆಕ್ಕದಲ್ಲಿ ಹುದುಗಿಸಿದ ಬಯೋ ಎಂಜೈಮ್ ಮುಖ್ಯವಾಗಿ ಹುಳಿನೀರು, ಜಿಡ್ಡಿನ ಮೇಲೆ ಅದರ ಆಟ ಅಷ್ಟಕ್ಕಷ್ಟೆ. ಮೂರನೆಯದು ಸೋಫೋರೋಲಿಪಿಡ್, ಅಂದರೆ ಯೀಸ್ಟ್ ತಯಾರಿಸುವ ಜಿಡ್ಡು ಬಿಡಿಸುವ ಪದಾರ್ಥ ಇರುವ ಲಿಕ್ವಿಡ್. ಇಲ್ಲಿ ಹೇಳುತ್ತಿರುವುದು ಅದರ ಬಗ್ಗೆ.

ಅರ್ಧ ಲೀಟರ್ ಉಗುರುಬೆಚ್ಚನೆ ನೀರಿಗೆ ಒಂದು ಟೀ ಚಮಚ ಹಾಕಿ, ಎಣ್ಣೆ ಬಾಣಲೆಯನ್ನು ಐದು ನಿಮಿಷ ನೆನೆಸಿ ಉಜ್ಜಿದರೆ ಹಸಿ ಜಿಡ್ಡು ಸಲೀಸಾಗಿ ಬಿಡುತ್ತದೆ. ಕಾವಲಿಯ ಮೇಲೆ ಸುಟ್ಟು ಕರಿಗಟ್ಟಿದ್ದಕ್ಕೆ ನಾರು, ತೋಳಿನ ಬಲವೇ ಗತಿ. ನೊರೆ ಮಾತ್ರ ತೀರಾ ಕಡಿಮೆ. ಅದನ್ನು ನೋಡಿ ಇನ್ನೆರಡು ಚಮಚ ಸುರಿಯುವುದು ದಂಡ.

ನೊರೆ ಕಡಿಮೆಯಾಗಲು ಕಾರಣ ಅಣುವಿನ ಆಕಾರ. ಸ್ಟಾರ್ಮೆರೆಲ್ಲಾ ಬಾಂಬಿಕೋಲಾ ಎಂಬ ಯೀಸ್ಟಿಗೆ ಗ್ಲೂಕೋಸ್ ಮತ್ತು ಸಸ್ಯದ ಎಣ್ಣೆ ಕೊಡುತ್ತಾರೆ. ನೈಟ್ರೋಜನ್ ಮುಗಿದು ಬೆಳವಣಿಗೆ ನಿಂತ ಮೇಲೆ ಅದು ಕೊಬ್ಬಿನ ಆಮ್ಲದ ಬಾಲಕ್ಕೆ ಒಂದಾದ ಮೇಲೊಂದು ಎರಡು ಗ್ಲೂಕೋಸ್ ಪೋಣಿಸುತ್ತದೆ. ಸಕ್ಕರೆ ತಲೆಗೆ ನೀರು ಬೇಕು, ಬಾಲಕ್ಕೆ ಎಣ್ಣೆ ಬೇಕು. ಬಾಲದ ತುದಿ ಹಾಗೇ ತೆರೆದಿದ್ದರೆ ಅದು ಆಮ್ಲ ರೂಪ: ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ನೊರೆಯೂ ಸ್ವಲ್ಪ ಹೆಚ್ಚು. ತುದಿ ತಿರುಗಿ ಸಕ್ಕರೆಗೇ ಕಚ್ಚಿಕೊಂಡು ಉಂಗುರವಾದರೆ ಲ್ಯಾಕ್ಟೋನ್ ರೂಪ: ಕರಗುವುದು ಕಷ್ಟ, ಆದರೆ ನೀರಿನ ಮೇಲ್ಮೈ ಸೆಳೆತ ತಗ್ಗಿಸುವುದರಲ್ಲೂ ಬ್ಯಾಕ್ಟೀರಿಯಾ ತಡೆಯುವುದರಲ್ಲೂ ಇದರದ್ದೇ ಮೇಲುಗೈ. ಲ್ಯಾಕ್ಟೋನಿಗೆ ವಿದ್ಯುದಾವೇಶವಿಲ್ಲ, ಹಾಗಾಗಿ ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಅದನ್ನು ಹಿಡಿದು ಸೋಪಿನಂತೆ ಗಷ್ಟು ಮಾಡಲಾರದು. ಕಾವೇರಿ ನೀರು ಬಾರದ ಬಡಾವಣೆಗಳಿಗೆ ಈ ಒಂದು ಗುಣಕ್ಕಾದರೂ ತೆಗೆದುಕೊಳ್ಳಬಹುದು.

ಇದಕ್ಕೆ ವಾಷಿಂಗ್ ಸೋಡಾ ಬೆರೆಸಿ ಇಡಬೇಡಿ. ಕ್ಷಾರ ಹೆಚ್ಚಾದರೆ ಉಂಗುರ ಬಿಚ್ಚಿಕೊಂಡು ಎಲ್ಲವೂ ಆಮ್ಲ ರೂಪಕ್ಕೆ ಇಳಿಯುತ್ತದೆ. ಚೀಟಿಯಲ್ಲಿ ರ್‍ಯಾಮ್ನೋಲಿಪಿಡ್ ಅಂತಿದ್ದರೆ ತೊಂದರೆ ಉಲ್ಟಾ. ಸೂಡೋಮೊನಾಸ್ ಬ್ಯಾಕ್ಟೀರಿಯಾದ ಆ ಸರಕು ಚೆನ್ನಾಗಿ ನೊರೆ ಕೊಡುತ್ತದೆ, ಆದರೆ ನಿಂಬೆರಸವನ್ನೋ ಬಯೋ ಎಂಜೈಮನ್ನೋ ಧಾರಾಳವಾಗಿ ಸೇರಿಸಿದರೆ ಕರಗುವ ಶಕ್ತಿ ಕಳೆದುಕೊಂಡು ಮೋಡಗಟ್ಟುತ್ತದೆ. ಲ್ಯಾಬಿನಲ್ಲಿ ಅದನ್ನು ಪ್ರತ್ಯೇಕಿಸುವುದೂ ಹೀಗೇ, ಪಿಹೆಚ್ 2ಕ್ಕೆ ಇಳಿಸಿ, ಅಂದರೆ ತುಂಬ ಹುಳಿ ಮಾಡಿ.

ಬಾಟಲಿ ಜೊಳ್ಳೋ ಗಟ್ಟಿಯೋ ನೋಡಲು ಅಗಲ ತಟ್ಟೆಗೆ ನೀರು ಹಾಕಿ, ಮೇಲೆ ಎಣ್ಣೆಯ ತೆಳು ಪೊರೆ ಹರಡಿ. ಬೇರೆ ಲೋಟದಲ್ಲಿ ನೂರು ಪಾಲು ನೀರಿಗೆ ಒಂದು ಪಾಲು ಲಿಕ್ವಿಡ್ ಬೆರೆಸಿ, ಅದರ ಒಂದೇ ಹನಿ ತಟ್ಟೆಯ ನಡುವೆ ಬಿಡಿ. ಎಣ್ಣೆ ಸರ್ರನೆ ಅಂಚಿಗೆ ಸರಿದು ದುಂಡಗೆ ಬಯಲಾಗಬೇಕು. ಬಯಲು ಅಗಲವಾದಷ್ಟೂ ಸರಕು ಗಟ್ಟಿ. ಮಾಮೂಲಿ ಡಿಟರ್ಜೆಂಟೂ ಇದರಲ್ಲಿ ಪಾಸಾಗುತ್ತದೆ ಅನ್ನುವುದು ನೆನಪಿರಲಿ. ಯೀಸ್ಟಿನದ್ದು ಹೌದೋ ಅಲ್ಲವೋ ತಿಳಿಯಬೇಕಾದರೆ ಪದಾರ್ಥಗಳ ಪಟ್ಟಿಯಲ್ಲಿ ಸೋಫೋರೋಲಿಪಿಡ್ ಹೆಸರು ಹುಡುಕಿ. ಬರೀ 'ನೈಸರ್ಗಿಕ ಸರ್ಫ್ಯಾಕ್ಟೆಂಟ್' (ಜಿಡ್ಡು ಬಿಡಿಸುವ ಪದಾರ್ಥ) ಅಂತಿರುವ ಬಾಟಲಿಗೆ ಸೋಫೋರೋಲಿಪಿಡ್ ಲಿಕ್ವಿಡಿನ ಬೆಲೆ ಕೊಡಬೇಡಿ.