ಹೆಸರು ತಿಳಿಯದ ವಸ್ತುಗಳು ಮತ್ತು ಅಪರಿಚಿತರ ಕಣ್ಣು: ನಾಲ್ಕು ವರ್ಷಗಳ ಬಳಕೆಯ ನಂತರ

ಹಳೆಯ ಪೆಟ್ಟಿಗೆಗಳಲ್ಲಿ ಸಿಗುವ, ಯಾವ ಕೆಲಸಕ್ಕೆಂದು ತೋಚದ ವಸ್ತುಗಳ ಚಿತ್ರ ತೆಗೆದು, ಅಂತರ್ಜಾಲದಲ್ಲಿ ಅಪರಿಚಿತರ ಮುಂದಿಟ್ಟು ಗುರುತು ಕೇಳುವ ಸೌಲಭ್ಯವನ್ನು ನಾನು ನಾಲ್ಕು ವರ್ಷಗಳಿಂದ ಬಳಸುತ್ತಿದ್ದೇನೆ. ಈವರೆಗೆ ಕೇಳಿದ 17 ವಸ್ತುಗಳಲ್ಲಿ 14ಕ್ಕೆ ನಂಬಬಹುದಾದ ಉತ್ತರ ಸಿಕ್ಕಿದೆ.

ಮೊದಲು ಕೇಳಿದ್ದು ಜೇಬುಗಡಿಯಾರದಂತಿದ್ದ ಒಂದು ಲೋಹದ ಬಿಲ್ಲೆಯ ಬಗ್ಗೆ. ಒಂದೇ ಮುಳ್ಳು, ಸುತ್ತ ಅಂಕಿಗಳು, ಮೇಲೊಂದು ಹಿಡಿ. ಕೀಲಿ ಕೊಡುವ ತಿರುಪು ಮಾತ್ರ ಇರಲಿಲ್ಲ. ಚಿತ್ರ ನೋಡಿ ಹುಡುಕುವ ಆ್ಯಪ್ ಒಮ್ಮೆ ಗಡಿಯಾರವೆಂದಿತು, ಇನ್ನೊಮ್ಮೆ ದಿಕ್ಸೂಚಿಯೆಂದಿತು. ಆದರೆ ಅಪರಿಚಿತರೊಬ್ಬರು ಹೆಸರು ಹೇಳುವ ಮೊದಲು, ಕೆಳತುದಿಯಲ್ಲಿ ಪುಟ್ಟ ಗಾಲಿ ಇದೆಯೇ, ಅದನ್ನು ಬೆರಳಿನಿಂದ ಉರುಳಿಸಿದರೆ ಮುಳ್ಳು ಸರಿಯುತ್ತದೆಯೇ ಎಂದು ಕೇಳಿದರು. ಸರಿಯಿತು, ಗಾಲಿಯನ್ನು ಹಿಂದಕ್ಕೆ ಉರುಳಿಸಿದಾಗ ಮುಳ್ಳೂ ಹಿಂದಕ್ಕೆ ಬಂತು. ಅದು ಆಪಿಸೋಮೀಟರ್, ಅಂದರೆ ನಕ್ಷೆಯ ಮೇಲಿನ ಅಂಕುಡೊಂಕು ದಾರಿಯ ಉದ್ದವನ್ನು ಅಳೆಯುವ ಸಾಧನ. 1:50,000 ಪ್ರಮಾಣದ ನಕ್ಷೆಯಲ್ಲಿ ಅದು 1 ಸೆಂ.ಮೀ. ತೋರಿಸಿದರೆ ನೆಲದ ಮೇಲೆ 500 ಮೀಟರ್ ಎಂದರ್ಥ. ಆ್ಯಪ್ ಆಕಾರವನ್ನಷ್ಟೇ ಹೋಲಿಸಿತ್ತು, ಇವರು ಕೆಲಸವನ್ನು ವಿಚಾರಿಸಿದರು. ನಾನು ಈ ಸೌಲಭ್ಯವನ್ನು ಬಿಡದಿರಲು ಇದೇ ಕಾರಣ.

ಇನ್ನೊಮ್ಮೆ ಬೆರಳತುದಿಯಷ್ಟು ದೊಡ್ಡ ಗಾಜಿನ ಕೊಳವೆಯೊಂದರ ಚಿತ್ರ ಹಾಕಿದ್ದೆ. ಎರಡು ತಂತಿಗಳಿದ್ದ ಅದರೊಳಗೆ ಬೆಳ್ಳಿಬಣ್ಣದ ಹನಿಯೊಂದು ಓಡಾಡುತ್ತಿತ್ತು. ಒಡೆಯಬೇಡಿ, ಅದು ಪಾದರಸ ಎಂಬ ಎಚ್ಚರಿಕೆ ಕೆಲವೇ ನಿಮಿಷಗಳಲ್ಲಿ ಬಂತು. ಕೊಳವೆ ವಾಲಿದಾಗ ಹನಿ ಹರಿದು ಎರಡು ತಂತಿಗಳನ್ನು ಕೂಡಿಸುವ ಇಂಥ ಸ್ವಿಚ್‌ಗಳು ಹಳೆಯ ಥರ್ಮೋಸ್ಟಾಟ್‌ಗಳಲ್ಲಿ ಇರುತ್ತಿದ್ದವು. ಕೊಳವೆ ಒಡೆದರೆ ಕೋಣೆಯ ಉಷ್ಣತೆಯಲ್ಲೇ ವಿಷಕಾರಿ ಆವಿ ಏಳುತ್ತದೆ. ಆ ಒಂದು ಉತ್ತರಕ್ಕೆ ನಾನು ಇಂದಿಗೂ ಋಣಿ.

ಕೊರತೆಗಳೂ ಇವೆ. ಕಾರಣ ಕೊಡದೆ ಖಚಿತ ದನಿಯಲ್ಲಿ ಹೆಸರು ಹೇಳಿ ಹೋಗುವವರು ಪ್ರತಿ ಬಾರಿಯೂ ಇರುತ್ತಾರೆ, ಅವರಿಗೆ ಮೆಚ್ಚುಗೆಯೂ ಬೇಗ ಸಿಗುತ್ತದೆ. ಹಾಗಾಗಿ ಹೆಚ್ಚು ಜನ ಒಪ್ಪಿದ್ದನ್ನಲ್ಲ, ನನ್ನ ಕೈಯಲ್ಲಿರುವ ವಸ್ತುವಿನ ಪ್ರತಿಯೊಂದು ಭಾಗವನ್ನೂ ವಿವರಿಸಬಲ್ಲ ಉತ್ತರವನ್ನು ಮಾತ್ರ ನಾನು ಸ್ವೀಕರಿಸುತ್ತೇನೆ. ಕೇಳುವವರ ತಪ್ಪೂ ಸಣ್ಣದಲ್ಲ. ಒಂದು ಹಿತ್ತಾಳೆಯ ಉಪಕರಣವನ್ನು ಚಿತ್ರ ಚೆನ್ನಾಗಿ ಬರಲೆಂದು ನಾನು ಫಳಫಳ ಹೊಳೆಯುವಂತೆ ಉಜ್ಜಿದೆ. ಸವೆತ ಎಲ್ಲಿತ್ತು, ಮಸಿ ಎಲ್ಲಿ ಅಂಟಿತ್ತು ಎಂದು ಕೇಳಿದಾಗ ಹೇಳಲು ಏನೂ ಉಳಿದಿರಲಿಲ್ಲ. ಅದರ ಗುರುತು ಇನ್ನೂ ಸಿಕ್ಕಿಲ್ಲ. ಈಗ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನಾಲ್ಕೂ ಬದಿಯಿಂದ ಚಿತ್ರ ತೆಗೆಯುತ್ತೇನೆ. ತೂಕ, ಅಯಸ್ಕಾಂತಕ್ಕೆ ಅಂಟುತ್ತದೆಯೇ ಎಂಬುದು, ಕೆತ್ತಿದ ಸಂಖ್ಯೆ, ಎಲ್ಲವನ್ನೂ ಬರೆಯುತ್ತೇನೆ. ಆ ಸಂಖ್ಯೆ ಪೇಟೆಂಟ್‌ನದಾಗಿದ್ದರೆ ಅದರ ದಾಖಲೆಯಲ್ಲಿ ಚಿತ್ರಸಮೇತ ವಿವರಣೆಯೇ ಸಿಗುವುದುಂಟು.

ಎಲ್ಲಕ್ಕೂ ಉತ್ತರ ಸಿಗಲೇಬೇಕೆಂದು ನಿರೀಕ್ಷಿಸುವವರಿಗೆ ಇದು ಹೇಳಿಸಿದ್ದಲ್ಲ. ರೋಮನ್ನರ ಕಾಲದ, 12 ಮುಖಗಳ ಟೊಳ್ಳು ಕಂಚಿನ ವಸ್ತುಗಳು 100ಕ್ಕೂ ಹೆಚ್ಚು ಸಿಕ್ಕಿದ್ದರೂ ಅವುಗಳ ಉಪಯೋಗವೇನೆಂದು ವಿದ್ವಾಂಸರೇ ಇನ್ನೂ ಒಮ್ಮತಕ್ಕೆ ಬಂದಿಲ್ಲ.

ನಾನು ಉಜ್ಜಿದ ಹಿತ್ತಾಳೆಯ ಉಪಕರಣಕ್ಕೆ ಎರಡು ಕವಲುಗಳಿವೆ. ಅವುಗಳ ನಡುವಿನ ಅಂತರ ತುದಿಯಲ್ಲಿ ಎಷ್ಟು, ಬುಡದಲ್ಲಿ ಎಷ್ಟು ಎಂದು ಕಳೆದ ವಾರ ಹೊಸಬರೊಬ್ಬರು ಕೇಳಿದ್ದಾರೆ. ತುದಿಯಲ್ಲಿ 11 ಮಿ.ಮೀ., ಬುಡದಲ್ಲಿ 9. ಅಳತೆ ಕಳುಹಿಸಿದ್ದೇನೆ.