ಬ್ರೇಕಿನಿಂದ ಶುರುವಾಗುವ ವೇಗ: ಕೊಯಮತ್ತೂರಿನ ರೇಸ್ ಕಾರು ತರಬೇತಿ ಹೇಗಿದೆ?

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಶನಿವಾರ, ಭಾನುವಾರ ನಡೆಯುವ ಫಾರ್ಮುಲಾ ಕಾರಿನ ತರಬೇತಿಗೆ ಸೇರಬೇಕೋ ಬೇಡವೋ ಎಂದು ಯೋಚಿಸುತ್ತಿದ್ದರೆ, ಸೇರಿ. ಅದರಲ್ಲೂ 'ನನಗೆ ವಯಸ್ಸಾಯಿತು' ಎಂಬ ಕಾರಣ ಅಡ್ಡ ಬರುತ್ತಿದ್ದರೆ ಖಂಡಿತ ಸೇರಿ. ಟ್ರ್ಯಾಕನ್ನು ಬಾಡಿಗೆಗೆ ಹಿಡಿದು ಬೇರೆ ಬೇರೆ ಶಾಲೆಗಳು ಇಲ್ಲಿ ಕಲಿಸುತ್ತವೆ. ನಾನು ಕಲಿತ ಶಾಲೆಯ ಬಗ್ಗೆ ಮೆಚ್ಚುಗೆಯ ಜೊತೆಗೆ ಒಂದೆರಡು ತಕರಾರೂ ಇದೆ, ಹಾಗಾಗಿ ಹೆಸರು ಬರೆಯುತ್ತಿಲ್ಲ. ಯಾವ ಶಾಲೆಗೆ ಹೋದರೂ ಏನನ್ನು ನೋಡಬೇಕು, ಏನು ಕೇಳಬೇಕು ಅನ್ನುವುದು ಇದರಿಂದ ತಿಳಿದರೆ ಸಾಕು.

ನಾನು ಚಾಮರಾಜನಗರದಲ್ಲಿ ಪಿಯು ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕಿ. ವಯಸ್ಸು ನಲವತ್ತನಾಲ್ಕು. ಘರ್ಷಣೆ, ವೃತ್ತೀಯ ಚಲನೆ, ತಿರುವಿನಲ್ಲಿ ಕಾರಿನ ಗರಿಷ್ಠ ವೇಗ ಎಲ್ಲವನ್ನೂ ಪ್ರತಿ ವರ್ಷ ಮೊದಲ ಪಿಯು ಮಕ್ಕಳಿಗೆ ಬೋರ್ಡಿನ ಮೇಲೆ ಬಿಡಿಸಿ ತೋರಿಸುತ್ತೇನೆ. ಆ ಸಮೀಕರಣ ಮೈಗೆ ಹೇಗೆ ತಾಗುತ್ತದೆ ಎಂದು ತಿಳಿಯುವ ಆಸೆ ಬಹಳ ಹಳೆಯದು.

ಮೊದಲ ದಿನ ಬೆಳಿಗ್ಗೆ ಕಾರು ಮುಟ್ಟಲು ಬಿಡಲಿಲ್ಲ, ಬಾವುಟಗಳ ಪಾಠ. ಹಳದಿ ಕಂಡರೆ ಮುಂದೆ ಅಪಾಯವಿದೆ, ಓವರ್‌ಟೇಕ್ ಮಾಡುವಂತಿಲ್ಲ. ಕೆಂಪು ಬಂದರೆ ಓಟ ನಿಂತಿತು, ನಿಧಾನವಾಗಿ ಪಿಟ್‌ಗೆ, ಅಂದರೆ ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗಕ್ಕೆ, ವಾಪಸಾಗಬೇಕು. ನೀಲಿ ಎಂದರೆ ಹಿಂದೆ ನಿಮಗಿಂತ ವೇಗದ ಕಾರು ಬರುತ್ತಿದೆ. ಹಳದಿ-ಕೆಂಪು ಪಟ್ಟೆ ಇದ್ದರೆ ಮುಂದೆ ರಸ್ತೆ ಜಾರುತ್ತದೆ. ಜೊತೆಯಲ್ಲಿದ್ದ ಹುಡುಗರು ಇದು ಬೇಗ ಮುಗಿಯಲಿ ಎಂದು ಚಡಪಡಿಸುತ್ತಿದ್ದರು. ತರಬೇತುದಾರರು ಒಬ್ಬೊಬ್ಬರನ್ನೂ ಎಬ್ಬಿಸಿ ಕೇಳಿದರು. ಸರಿಯಾಗಿ ಹೇಳುವವರೆಗೆ ಯಾರ ಕೈಗೂ ಹೆಲ್ಮೆಟ್ ಕೊಡಲಿಲ್ಲ. ಶಾಲೆಯ ಮೇಲೆ ನನಗೆ ನಂಬಿಕೆ ಬಂದದ್ದು ಅಲ್ಲೇ.

ಕಾರು ಫಾರ್ಮುಲಾ ಎಲ್‌ಜಿಬಿ 4. ಒಂದೇ ಸೀಟು, ನಾಲ್ಕೂ ಚಕ್ರ ಬಯಲಿಗೆ, ಬೆನ್ನ ಹಿಂದೆ 1.3 ಲೀಟರಿನ ಮಾರುತಿ ಇಂಜಿನ್. ಅಷ್ಟೇನಾ ಅನ್ನಬೇಡಿ. ಮೈಯಲ್ಲಿ ತೂಕವೇ ಇಲ್ಲದ ಕಾರಿಗೆ ಆ ಇಂಜಿನ್ ಧಾರಾಳ. ಪವರ್ ಸ್ಟೀರಿಂಗ್ ಇಲ್ಲ, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಕಾಲು ಚಾಚಿ ಹೆಚ್ಚುಕಡಿಮೆ ಮಲಗಿದಂತೆ ಕೂರಬೇಕು. ಹೆಗಲಿನಿಂದ, ಸೊಂಟದಿಂದ, ತೊಡೆಯ ನಡುವಿನಿಂದ ಬಂದ ಬೆಲ್ಟುಗಳೆಲ್ಲ ಹೊಟ್ಟೆಯ ಮೇಲೆ ಒಂದೇ ಬಕಲ್ಲಿಗೆ ಸೇರುತ್ತವೆ. ಮೆಕ್ಯಾನಿಕ್ ಅವನ್ನು ಎಳೆದು ಬಿಗಿದಾಗ ಉಸಿರು ಅರ್ಧಕ್ಕೆ ನಿಲ್ಲುತ್ತದೆ. ಸಡಿಲ ಮಾಡಿ ಎಂದು ಕೇಳಬೇಡಿ. ಹಿಂದಿನ ಚಕ್ರ ಜಾರಲು ಶುರುವಾದದ್ದು ಮೊದಲು ತಿಳಿಯುವುದು ಸೊಂಟಕ್ಕೆ, ಆ ಬಿಗಿತ ಇದ್ದರೆ ಮಾತ್ರ.

ಈ ಊರಿನಲ್ಲಿ ಇಂಥ ಕಾರು, ಇಂಥ ಟ್ರ್ಯಾಕ್ ಇರುವುದಕ್ಕೆ ಹಿನ್ನೆಲೆ ಇದೆ. 1995ರಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಕೊಯಮತ್ತೂರಿನವರು. ಮಾರುತಿ 800ರ ಇಂಜಿನ್ ಕೂರಿಸಿ, ಸಾಮಾನ್ಯರ ಕೈಗೆಟುಕುವ ಒಂಟಿ ಸೀಟಿನ ರೇಸ್ ಕಾರು ಕಟ್ಟಿದವರು. ಇದೇ ಊರಿನ ನರೈನ್ ಕಾರ್ತಿಕೇಯನ್ ರೇಸಿಗೆ ಇಳಿದದ್ದು ಅಂಥ ಫಾರ್ಮುಲಾ ಮಾರುತಿಯಲ್ಲಿ. ಆಮೇಲೆ ಫ್ರಾನ್ಸಿನ ವಿನ್‌ಫೀಲ್ಡ್ ರೇಸಿಂಗ್ ಶಾಲೆಗೆ ಹೋದರು. 2005ರಲ್ಲಿ ಜೋರ್ಡನ್ ತಂಡ ಸೇರಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯರಾದರು. ಚೆಟ್ಟಿಪಾಳ್ಯಂ ಬಳಿಯ ಸುಮಾರು 2.1 ಕಿಲೋಮೀಟರ್ ಉದ್ದದ ಈ ಟ್ರ್ಯಾಕಿಗೆ ಕರಿವರ್ಧನ್ ಹೆಸರೇ ಇಟ್ಟಿದ್ದಾರೆ.

ಈಗ ಮುಖ್ಯ ವಿಷಯ. ರೇಸಿಂಗ್ ಶಾಲೆ ಎಂದರೆ ಆಕ್ಸಿಲರೇಟರ್ ಒತ್ತುವುದನ್ನು ಕಲಿಸುತ್ತಾರೆ ಎಂದು ಎಲ್ಲರೂ ತಿಳಿದಿರುತ್ತಾರೆ. ನಮಗೆ ಕಲಿಸಿದ್ದು ಬ್ರೇಕು. ನೇರ ದಾರಿಯಲ್ಲಿ ಕೋನ್ ನಿಲ್ಲಿಸಿ, ಮೂರನೇ ಗೇರಿನಲ್ಲಿ ಬಂದು, ಕೋನ್ ದಾಟಿದೊಡನೆ ಚಕ್ರ ಲಾಕ್ ಆಗುವಷ್ಟು ಒತ್ತಿ ಎಂದರು. ನನ್ನ ಕಾಲು ಒಪ್ಪಲಿಲ್ಲ. ಊರಿನ ರಸ್ತೆಯಲ್ಲಿ ಇಷ್ಟು ವರ್ಷ ಮೃದುವಾಗಿ ಒತ್ತಿ ಅಭ್ಯಾಸವಾದ ಕಾಲು. ತರಬೇತುದಾರರು ಪಕ್ಕಕ್ಕೆ ಬಂದು ಬಗ್ಗಿ, "ಚಕ್ರ ನಿಲ್ಲಲೇಬೇಕು ಮೇಡಂ. ಹೊಗೆ ಬರಲಿ. ಟೈರು ನಮ್ಮದು, ನೀವು ಯೋಚಿಸಬೇಡಿ" ಎಂದರು.

ಒತ್ತಿದೆ. ಮುಂದಿನ ಎಡ ಚಕ್ರ ನನ್ನ ಕಣ್ಣೆದುರೇ ನಿಂತುಬಿಟ್ಟಿತು, ಕಾರು ಮಾತ್ರ ಮುಂದೆ ಹೋಗುತ್ತಲೇ ಇತ್ತು. ಮನೆಯ ಕಾರಿನಲ್ಲಿ ಇದು ಕಾಣುವುದಿಲ್ಲ, ಚಕ್ರ ಬಾನೆಟ್ ಕೆಳಗಿರುತ್ತದೆ. ಉರುಳುವ ಚಕ್ರಕ್ಕೆ ಸಿಗುವುದು ಸ್ಥಿತ ಘರ್ಷಣೆ, ನಿಂತು ಜಾರುವ ಚಕ್ರಕ್ಕೆ ಚಲನ ಘರ್ಷಣೆ, ಎರಡನೆಯದು ಕಡಿಮೆ. ವರ್ಷಗಟ್ಟಲೆ ಪಾಠ ಮಾಡಿದ್ದ ಈ ವಾಕ್ಯ ರಬ್ಬರಿನ ವಾಸನೆಯಾಗಿ ಮೂಗಿಗೆ ಬಂತು. ಸ್ಟೀರಿಂಗ್ ತಿರುಗಿಸಿದರೆ ಕಾರು ಕೇಳಲಿಲ್ಲ. ಪೆಡಲನ್ನು ಕೂದಲೆಳೆಯಷ್ಟು ಸಡಿಲಿಸಿದೆ. ಚಕ್ರ ಮತ್ತೆ ಉರುಳಿತು, ಕಾರು ತಿರುಗಿತು. ಆ ಕೂದಲೆಳೆಯ ಅಂತರವನ್ನು ಕಾಲಿನ ಬೆರಳಿಗೆ ಕಲಿಸುವುದರಲ್ಲೇ ಮಧ್ಯಾಹ್ನ ಕಳೆಯಿತು. ಒಣ ಡಾಂಬರಿನ ಮೇಲೆ ಘರ್ಷಣಾಂಕ 0.9 ಎಂದುಕೊಂಡರೆ, 50 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 11 ಮೀಟರ್ ಬೇಕು, 100ರಿಂದ ನಿಲ್ಲಲು 44. ವೇಗ ಎರಡರಷ್ಟು, ದೂರ ನಾಲ್ಕರಷ್ಟು. ಆ 44 ಮೀಟರನ್ನು ಒಮ್ಮೆ ಮೈಯಲ್ಲಿ ಅನುಭವಿಸಿದವರು ಹೆದ್ದಾರಿಯಲ್ಲಿ ಮುಂದಿನ ಲಾರಿಗೆ ಅಂಟಿಕೊಂಡು ಹೋಗಲಾರರು.

ಎರಡನೇ ದಿನ ತಿರುವುಗಳು. ಹೊರಅಂಚಿನಿಂದ ಬಂದು, ತಿರುವಿನ ಒಳಅಂಚಿನ ಬಿಂದುವಾದ ಏಪೆಕ್ಸ್ ಮುಟ್ಟಿ, ಮತ್ತೆ ಹೊರಅಂಚಿಗೆ ಹೋಗುವ ದಾರಿಯೇ ರೇಸಿಂಗ್ ಲೈನ್. ಇದರ ಲೆಕ್ಕ ನನಗೆ ಬಹಳ ಇಷ್ಟ. 30 ಮೀಟರ್ ತ್ರಿಜ್ಯದ ತಿರುವನ್ನು ಅದೇ ಘರ್ಷಣೆಯಲ್ಲಿ ಹೆಚ್ಚೆಂದರೆ 59 ಕಿ.ಮೀ. ವೇಗದಲ್ಲಿ ದಾಟಬಹುದು. ರಸ್ತೆಯ ಪೂರ್ತಿ ಅಗಲ ಬಳಸಿ ತ್ರಿಜ್ಯವನ್ನು 45 ಮೀಟರಿಗೆ ಹಿಗ್ಗಿಸಿದರೆ ಅದೇ ಟೈರು 72ಕ್ಕೆ ಒಪ್ಪುತ್ತದೆ. ಧೈರ್ಯ ಹೆಚ್ಚಿಸಿಕೊಳ್ಳಬೇಕಾಗಿಲ್ಲ, ದಾರಿ ಸರಿಯಾಗಿ ಹಿಡಿದರೆ ಸಾಕು. ತಿರುವಿನ ನಡುವೆ ಭಯವಾದರೆ ಕಾಲು ತಾನಾಗಿಯೇ ಆಕ್ಸಿಲರೇಟರ್ ಬಿಡುತ್ತದೆ. ಬಿಟ್ಟರೆ ತೂಕ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರಾಗಿ ಬಾಲ ಬೀಸುತ್ತದೆ. "ಕಣ್ಣು ಹೋದ ಕಡೆ ಕಾರು ಹೋಗುತ್ತೆ ಮೇಡಂ, ಹೊರಗೆ ಹೋಗೋ ದಾರಿ ನೋಡಿ" ಎಂದು ಅವರು ಎಷ್ಟು ಸಲ ಹೇಳಿದರೋ.

ಮಧ್ಯಾಹ್ನದ ಹೊತ್ತಿಗೆ ಒಂದು ಸುತ್ತಿನಲ್ಲಿ ಎಲ್ಲವೂ ಕೂಡಿಬಂತು. ಬ್ರೇಕು ಅಂಚಿನವರೆಗೆ ಹೋಗಿ ಅಲ್ಲೇ ನಿಂತಿತು. ಗೇರ್ ಇಳಿಸುವಾಗ, ಕಾಲಿನ ಬೆರಳು ಬ್ರೇಕಿನ ಮೇಲಿರುವಂತೆಯೇ, ಹಿಮ್ಮಡಿ ಆಕ್ಸಿಲರೇಟರ್ ತಟ್ಟಿತು, ಕಾರು ಮುಗ್ಗರಿಸಲಿಲ್ಲ. ತಿರುವಿನಲ್ಲಿ ನಾಲ್ಕೂ ಟೈರು ಸಣ್ಣಗೆ ಕಿರುಗುಟ್ಟುತ್ತ ಜಾರುವುದಕ್ಕೂ ಹಿಡಿಯುವುದಕ್ಕೂ ನಡುವೆ ಇದ್ದವು, ಅದನ್ನು ಅಲ್ಲೇ ಇಟ್ಟಿದ್ದು ನಾನು. ಹೆಲ್ಮೆಟ್ಟಿನೊಳಗೆ ಜೋರಾಗಿ ಕೂಗಿದೆ. ಅಂಥ ಸಂತೋಷವನ್ನು ಪದವಿ ಫಲಿತಾಂಶದ ದಿನವೂ ಕಂಡಿರಲಿಲ್ಲ. ಆ ಹೊತ್ತಿನಲ್ಲಿ ಭಯಕ್ಕೆ ಜಾಗವಿರಲಿಲ್ಲ, ಏಕೆಂದರೆ ಎಲ್ಲಿಯವರೆಗೆ ಹೋಗಬಹುದು ಎಂಬುದು ಗೊತ್ತಿತ್ತು.

ತಕರಾರು. ಕೊಟ್ಟ ರೇಸಿಂಗ್ ಸೂಟುಗಳೆಲ್ಲ ಗಂಡಸರ ಅಳತೆಯವು. ಹೆಗಲಲ್ಲಿ ಜೋತು, ಸೊಂಟದಲ್ಲಿ ಬಿಗಿದು, ತೋಳು ಮಡಚಿಕೊಂಡೇ ಓಡಿಸಬೇಕಾಯಿತು. ಹೆಂಗಸರು ಬಟ್ಟೆ ಬದಲಿಸಲು ತಕ್ಕ ಜಾಗವನ್ನೂ ಶಾಲೆ ಮಾಡಿರಲಿಲ್ಲ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲೇ ಬೈಕಿನಲ್ಲಿ ಬಾಜಾ (ಮರುಭೂಮಿ, ಕಚ್ಚಾ ದಾರಿಗಳ ರ‍್ಯಾಲಿ) ವಿಶ್ವಕಪ್‌ನ ಮಹಿಳಾ ಪ್ರಶಸ್ತಿ ಗೆದ್ದಿದ್ದಾರೆ, ಹೆಣ್ಣುಮಕ್ಕಳು ಬರುತ್ತಾರೆ ಎಂದು ಇನ್ನೂ ಅಂದಾಜಿಲ್ಲದಿದ್ದರೆ ಹೇಗೆ? ಫೀಸು ಕಟ್ಟುವ ಮೊದಲೇ ಸೂಟಿನ ಅಳತೆ ಕೇಳಿ. ಎಷ್ಟು ಜನಕ್ಕೆ ಒಂದು ಕಾರು, ಪಿಟ್ ಬಳಿ ಆಂಬುಲೆನ್ಸ್ ಇಡೀ ದಿನ ಇರುತ್ತದೆಯೇ, ಕೊಡುವ ಪ್ರಮಾಣಪತ್ರ ದೇಶದ ಮೋಟಾರ್ ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸಿಗೆ ನಡೆಯುತ್ತದೆಯೇ ಎಂಬುದನ್ನೂ ಕೇಳಿ. ನಮ್ಮಲ್ಲಿ ಆಂಬುಲೆನ್ಸ್ ಸಂಜೆಯವರೆಗೂ ಇತ್ತು.

ಫೀಸು ಸಣ್ಣದಲ್ಲ, ನನ್ನ ತಿಂಗಳ ಸಂಬಳದ ಅರ್ಧಕ್ಕೂ ಮೇಲಾಯಿತು. ಕೊಟ್ಟಿದ್ದಕ್ಕೆ ಮೋಸವಿಲ್ಲ. ತೆಳು ಅಟ್ಟೆಯ ಶೂ ಹಾಕಿಕೊಂಡು ಹೋಗಿ, ದಪ್ಪ ಅಟ್ಟೆಯಲ್ಲಿ ಪೆಡಲ್ ತಿಳಿಯುವುದಿಲ್ಲ. ನೀರು ಹೆಚ್ಚು ಕುಡಿಯಿರಿ, ಸೂಟಿನೊಳಗೆ ಮೈ ಬೇಯುತ್ತದೆ. ಚಾಮರಾಜನಗರದ ಕಡೆಯಿಂದ ಹೋಗುವವರು ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿಯಬೇಕು. ಹುಲಿ ಸಂರಕ್ಷಿತ ಅರಣ್ಯವಾದ್ದರಿಂದ ರಾತ್ರಿ ಆ ದಾರಿ ಮುಚ್ಚಿರುತ್ತದೆ, ಶುಕ್ರವಾರ ಹಗಲಲ್ಲೇ ಹೊರಡಿ. ಕೈಕಾಲು ನೋವು ಎರಡು ದಿನ ಇರುತ್ತದೆ, ಸೋಮವಾರಕ್ಕೆ ರಜೆ ಹಾಕಿ.

ಒಬ್ಬರ ಹಿಂದೆ ಒಬ್ಬರು ಹೋಗಿ ಓವರ್‌ಟೇಕ್ ಮಾಡುವುದನ್ನು ಮುಂದಿನ ಹಂತದಲ್ಲಿ ಕಲಿಸುತ್ತಾರಂತೆ. ದಸರಾ ರಜೆಗೆ ಹೆಸರು ಕೊಟ್ಟಿದ್ದೇನೆ. ಈ ಸಲ ಸೂಟು ನನ್ನ ಅಳತೆಗೇ ಹೊಲಿಸುತ್ತಿದ್ದೇನೆ.